ಯಾವುದರಿಂದ ಮಾಡಿದ್ದು?

ಕೇಳುಗರಿಗೆ ನಮಸ್ಕಾರ. ಕಲಾ ಪ್ರದರ್ಶನಕ್ಕೆ ಹೋಗಿರುತ್ತೀರಿ. ಗೋಡೆಯ ಚೀಟಿಯಲ್ಲಿ ‘ಇನ್‌ಸ್ಟಲೇಶನ್’ ಅಂತ ಬರೆದಿರುತ್ತದೆ. ‘ಇದು ನಮಗಲ್ಲ ಬಿಡಿ’ ಅಂತ ಮುಂದೆ ಹೋಗಿಬಿಡುತ್ತೀರಿ. ದಯವಿಟ್ಟು ಹೋಗಬೇಡಿ. ಪದ ಆಮೇಲೆ ನೋಡೋಣ. ಮೊದಲು ಒಂದೇ ಪ್ರಶ್ನೆ ಕೇಳಿ: ಇದನ್ನು ಯಾವುದರಿಂದ ಮಾಡಿದ್ದಾರೆ?

ಭದ್ರಾವತಿಯಲ್ಲಿ ಹುಟ್ಟಿದ ಕಲಾವಿದೆ ಶೀಲಾ ಗೌಡ ಅವರ ‘ಬಿಹೋಲ್ಡ್’ ಎಂಬ ಕೃತಿ 2009ರಲ್ಲಿ ಇಟಲಿಯ ದೊಡ್ಡ ಕಲಾ ಪ್ರದರ್ಶನ ವೆನಿಸ್ ಬಿಯೆನ್ನಾಲೆಯಲ್ಲಿತ್ತು. ಸುಮಾರು 4,000 ಮೀಟರ್ ಕೂದಲ ಹಗ್ಗ. ಆ ಹಗ್ಗಕ್ಕೆ ತೂಗುಬಿದ್ದ ಕಾರಿನ ಸ್ಟೀಲ್ ಬಂಪರ್‌ಗಳು. ಇಷ್ಟೇ.

ಅದರ ಫೋಟೋ ತೋರಿಸಿದರೆ ನನ್ನ ವಿದ್ಯಾರ್ಥಿಗಳು ತಕ್ಷಣ ‘ಇದರ ಅರ್ಥ ಏನು ಮೇಡಂ?’ ಅಂತಾರೆ. ಒಮ್ಮೆ ತರಕಾರಿ ಟೆಂಪೋದವರೊಬ್ಬರಿಗೆ ಅದೇ ಫೋಟೋ ತೋರಿಸಿದೆ. ಅವರ ಬಂಪರಿಗೂ ಕರೀ ಹಗ್ಗ ಸುತ್ತಿತ್ತು. ಫೋಟೋ ದೊಡ್ಡದು ಮಾಡಿ ನೋಡಿದರು. ‘ಇದು ದೃಷ್ಟಿಗೆ ಕಟ್ಟೋ ಹಗ್ಗ ಅಲ್ವಾ! ಮುಡಿ ಕೊಟ್ಟ ಕೂದಲಲ್ಲಿ ಹೊಸೀತಾರೆ’ ಅಂದರು. ನಿಜ. ದೇವಸ್ಥಾನದಲ್ಲಿ ಕೊಟ್ಟ ಉದ್ದ ಕೂದಲು ವಿಗ್ಗಿಗೆ ಹೋಗುತ್ತದೆ, ಉಳಿದ ತುಂಡು ಕೂದಲು ಹಗ್ಗವಾಗುತ್ತದೆ. ಆಮೇಲೆ ಅವರು ತಮ್ಮ ಬಂಪರ್ ಮುಟ್ಟಿಕೊಂಡು ಕೇಳಿದರು: ‘ನಮಗೆ ಒಂದು ಮೊಳ ಸಾಕು. ಇಷ್ಟುದ್ದ ಕಟ್ಟಬೇಕು ಅಂದ್ರೆ ಎಷ್ಟು ಭಯ ಇರಬೇಕು ಮೇಡಂ?’

ನೋಡಿ, ಅವರಿಗೆ ಇನ್‌ಸ್ಟಲೇಶನ್ ಅನ್ನೋ ಪದ ಗೊತ್ತಿರಲಿಲ್ಲ. ವಸ್ತು ಗೊತ್ತಿತ್ತು. ಒಂದು ಜಾಗ ತುಂಬ ವಸ್ತುಗಳನ್ನು ಜೋಡಿಸಿ ನಮ್ಮನ್ನು ಅದರೊಳಗೆ ನಿಲ್ಲಿಸುವುದೇ ಇನ್‌ಸ್ಟಲೇಶನ್. ಮೈಸೂರಿನ ಎನ್. ಎಸ್. ಹರ್ಷ ಅವರ ‘ನೇಷನ್ಸ್’ ಕೂಡ ಅದೇ. 190ಕ್ಕೂ ಜಾಸ್ತಿ ಹೊಲಿಗೆ ಯಂತ್ರ, ಒಂದೊಂದರ ಮೇಲೂ ಒಂದು ದೇಶದ ಬಾವುಟ, ನಡುವೆ ಸಿಕ್ಕಾದ ದಾರ. ಯಾವುದರಿಂದ ಮಾಡಿದ್ದು? ಮನೆಯಲ್ಲಿ ಅಮ್ಮ ತುಳಿಯುತ್ತಿದ್ದ ಮಿಷನ್ನಿಂದ!

ಸಮಯ ಓಡುತ್ತಿದೆ. ಚೀಟಿಯ ಇನ್ನೊಂದು ಪದ, ‘ಫೋಟೋ ಪರ್ಫಾರ್ಮೆನ್ಸ್’. ಅಂದರೆ ಕಲಾವಿದರೇ ವೇಷ ಹಾಕಿ ಕ್ಯಾಮೆರಾ ಮುಂದೆ ನಿಲ್ಲುವುದು. ಬೆಂಗಳೂರಿನ ಪುಷ್ಪಮಾಲಾ ಎನ್. ಅವರು ರವಿವರ್ಮನ ಲಕ್ಷ್ಮಿಯಾಗಿ ನಿಂತಿದ್ದಾರೆ. ಅಲ್ಲಿ ಅವರ ಮೈಯೇ ವಸ್ತು.

ಕೊನೆಯದು, ‘ಸೈಟ್ ಸ್ಪೆಸಿಫಿಕ್’. ಆ ಜಾಗಕ್ಕೇ ಅಂತ ಮಾಡಿದ ಕಲೆ. 2015ರಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯಲ್ಲಿ ಮೊಸಳೆ ಬಿಟ್ಟರಲ್ಲ, ಅದು. ಯಾವುದರಿಂದ ಮಾಡಿದ್ದು ಅಂತ ಕೇಳಿದರೆ ಫೈಬರ್ ಅಂತೀರಿ. ಗುಂಡಿಯನ್ನೂ ಸೇರಿಸಿ ಹೇಳಿ. ಆ ಮೊಸಳೆಯನ್ನು ಗ್ಯಾಲರಿಗೆ ತಂದಿಟ್ಟರೆ ಅದು ಸುಮ್ನೆ ಒಂದು ಗೊಂಬೆ. ನಮಸ್ಕಾರ.