ಬೆಟ್ಟ ಸುತ್ತುವ ಮೊದಲು ಇಳಿಯುವ ದಾರಿ ನೋಡಿ

ಕೇಳುಗರಿಗೆಲ್ಲ ನಮಸ್ಕಾರ.

ಕುಮಾರ ಪರ್ವತ, ಮುಳ್ಳಯ್ಯನಗಿರಿ ಹತ್ತಿದವರು ನಿಮ್ಮಲ್ಲಿ ಬೇಕಾದಷ್ಟು ಜನ ಇದ್ದೀರಿ. ಅಲ್ಲಿ ಆಗಲ್ಲ ಅನ್ನಿಸಿದರೆ ತಿರುಗಿ ಇಳಿಯುತ್ತೇವೆ, ಅಷ್ಟೇ. ಇವತ್ತು ಹೇಳಹೊರಟಿರುವುದು ಹಾಗೆ ಸಲೀಸಾಗಿ ಇಳಿಯಲು ಬಿಡದ ಒಂದು ಬೆಟ್ಟದ ವಿಷಯ. ಪೆರು ದೇಶದ ಔಸಂಗಾಟೆ.

ಎತ್ತರ 6,384 ಮೀಟರ್. ಕುಸ್ಕೊ ನಗರದಿಂದ ಬಸ್ಸಿನಲ್ಲಿ ಮೂರು ತಾಸು ಹೋದರೆ ಟಿಂಕಿ ಎಂಬ ಊರು. ನಡಿಗೆ ಅಲ್ಲಿಂದ ಶುರು. ತುದಿ ಹತ್ತುವುದು ಪರ್ವತಾರೋಹಿಗಳ ಕೆಲಸ, ನಮ್ಮಂಥವರದು ಸುತ್ತ ಒಂದು ಪ್ರದಕ್ಷಿಣೆ. ಸುಮಾರು 70 ಕಿಲೋಮೀಟರ್, ಐದಾರು ದಿನ. ಗೈಡ್ ಇಲ್ಲದೆ, ನಮ್ಮ ಟೆಂಟ್ ನಾವೇ ಹೊತ್ತು ಹೋಗಬಹುದು. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಮಳೆ ಕಮ್ಮಿ, ರಾತ್ರಿ ಚಳಿ ಮಾತ್ರ ನೀರು ಹೆಪ್ಪುಗಟ್ಟುವಷ್ಟು.

ದಿನಕ್ಕೆ ಹದಿನಾಲ್ಕು ಕಿಲೋಮೀಟರ್, ಇಷ್ಟೇನಾ ಅನ್ನಿಸುತ್ತದೆ ಅಲ್ವಾ? ಆದರೆ ಪ್ಲಾನ್ ಮಾಡುವಾಗ ದೂರ ಲೆಕ್ಕಕ್ಕೇ ಬರುವುದಿಲ್ಲ. ಎಷ್ಟು ಎತ್ತರದಲ್ಲಿ ಮಲಗುತ್ತೀರಿ ಅನ್ನುವುದೇ ಲೆಕ್ಕ. ಮೇಲೆ ಗಾಳಿ ತೆಳು, ಮೈ ಅದಕ್ಕೆ ನಿಧಾನವಾಗಿ ಒಗ್ಗಬೇಕು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಬಾರದು ಎನ್ನುತ್ತಾರೆ ವೈದ್ಯರು. ಪೆರುವಿನ ರಾಜಧಾನಿ ಲಿಮಾ ಇರುವುದು ಸಮುದ್ರದ ದಡದಲ್ಲಿ. ಅಲ್ಲಿ ವಿಮಾನ ಹತ್ತಿದರೆ ಒಂದೂಕಾಲು ಗಂಟೆಯಲ್ಲಿ ಕುಸ್ಕೊ, ಅಂದರೆ 3,400 ಮೀಟರ್! ಹಾಗಾಗಿ ಇಳಿದ ದಿನವೇ ಕೆಳಗಿನ ಕಣಿವೆಯ ಒಯಾಂಟಾಯ್‌ಟಾಂಬೊಗೆ ಹೋಗಿ. ಅದು 2,800. ಒಂದೆರಡು ರಾತ್ರಿ ಅಲ್ಲಿ, ಆಮೇಲೆ ಕುಸ್ಕೊ, ಆಮೇಲೆ ಟಿಂಕಿ, 3,800. ಮುಂದಿನ ಬಿಡಾರ ಉಪಿಸ್ ಸುಮಾರು 4,400. ನೋಡಿ, ಅಲ್ಲೇ 600 ಮೀಟರ್ ಏರಿಕೆ. ಟಿಂಕಿಯಲ್ಲಿ ಇನ್ನೊಂದು ರಾತ್ರಿ ಕಳೆದರೆ ನಷ್ಟವೇನಿಲ್ಲ.

ಇನ್ನು ಅಸಲಿ ತೊಂದರೆಗೆ ಬರೋಣ. ಉಪಿಸ್ ಆದ ಮೇಲೆ ಅರಾಪಾ, ಅಪುಚಾಟಾ ಎಂಬ ಎರಡು ಪಾಸ್, ಅಂದರೆ ಬೆಟ್ಟಸಾಲನ್ನು ಹತ್ತಿ ದಾಟುವ ಜಾಗಗಳನ್ನು ದಾಟಿ ಔಸಂಗಾಟೆಕೋಚಾ ಕೆರೆಯ ಪಕ್ಕ ಟೆಂಟ್ ಹಾಕುತ್ತೀರಿ. ರಾತ್ರಿ ತಲೆ ಸಿಡಿಯುತ್ತದೆ, ಸುಮ್ನೆ ಕೂತರೂ ಏದುಸಿರು, ನೇರ ಗೆರೆಯ ಮೇಲೆ ಹಿಮ್ಮಡಿಗೆ ಬೆರಳು ತಾಗಿಸಿ ನಡೆಯಲು ಹೋದರೆ ತೂರಾಟ. ಇದು ಎತ್ತರದ ಕಾಯಿಲೆ. ಇದಕ್ಕೆ ಮದ್ದು ಒಂದೇ, ತಡಮಾಡದೆ ಇಳಿಯುವುದು. ಬಂದ ದಾರಿ ಹಿಡಿದರೆ ಮತ್ತೆ ಎರಡು ಪಾಸ್ ಹತ್ತಬೇಕು. ಮುಂದೆ ಹೋದರೆ ಪಲೊಮಾನಿ ಪಾಸ್, ಸುಮಾರು 5,200 ಮೀಟರ್. ಇಳಿಯಬೇಕಾದ ಮನುಷ್ಯ ಹತ್ತಬೇಕು! ಪಲೊಮಾನಿಯ ಆಚೆ ದಕ್ಷಿಣಕ್ಕೆ ಚಿಲ್ಕಾ ಎಂಬ ಹಳ್ಳಿಯ ಕಡೆ ಇಳಿಯಬಹುದು, ಅಲ್ಲಿಂದ ಪಿಟುಮಾರ್ಕಾ ಊರಿಗೆ ರಸ್ತೆ ಇದೆ. ನಕ್ಷೆಯಲ್ಲಿ ಮೊದಲು ಇಂಥ ದಾರಿಗಳಿಗೆ ಕೆಂಪು ಗೆರೆ ಎಳೆಯಿರಿ, ಸುತ್ತುವ ದಾರಿಗೆ ಆಮೇಲೆ. ಉಪಿಸ್‌ನಲ್ಲೇ ತಲೆನೋವು, ವಾಂತಿ ಇದ್ದರೆ ಮುಂದೆ ಹೋಗಲೇಬೇಡಿ. ಅಲ್ಲಿಂದ ಟಿಂಕಿ ಬರೀ ಇಳಿಜಾರು.

ಊಟದ ವಿಷಯ. ಆ ಎತ್ತರದಲ್ಲಿ ನೀರು 85 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ತೊಗರಿಬೇಳೆ ಇಟ್ಟರೆ ಗ್ಯಾಸ್ ಖಾಲಿಯಾಗುತ್ತದೆ, ಬೇಳೆ ಬೇಯುವುದಿಲ್ಲ. ಅವಲಕ್ಕಿ, ಹುರಿಹಿಟ್ಟು ಒಯ್ಯಿರಿ, ಬಿಸಿನೀರು ಸಾಕು. ಗ್ಯಾಸ್ ಡಬ್ಬಿಯನ್ನು ವಿಮಾನದಲ್ಲಿ ಬಿಡುವುದಿಲ್ಲ, ಕುಸ್ಕೊದಲ್ಲೇ ಕೊಳ್ಳಿ. ವಿಮೆ ಮಾಡಿಸುವಾಗ ಎಷ್ಟು ಎತ್ತರದವರೆಗೆ ಅನ್ವಯಿಸುತ್ತದೆ ಅಂತ ಓದಿ. ಎಷ್ಟೋ ಪಾಲಿಸಿಗಳು 5,000 ಮೀಟರಿನ ಕೆಳಗೇ ನಿಂತುಬಿಡುತ್ತವೆ.

ಸ್ವಂತವಾಗಿ ಹೋಗುವುದು ಅಂದರೆ ಒಬ್ಬರೇ ಹೋಗುವುದು ಅಂತ ಹಟ ಬೇಡ. ಟಿಂಕಿಯಲ್ಲಿ ಕುದುರೆ ಸಮೇತ ಆಳು ಸಿಗುತ್ತಾರೆ. ಚೀಲ ನೀವೇ ಹೊತ್ತರೂ ಸರಿ, ನಡೆಯಲಾಗದ ದಿನ ಪಾಸ್ ದಾಟಿಸುವುದು ಆ ಕುದುರೆಯೇ. ಕೂಲಿ ಎಷ್ಟು, ಅವರ ಊಟ, ಟೆಂಟ್ ಯಾರದು, ಮಧ್ಯದಲ್ಲೇ ವಾಪಸ್ ಬಂದರೆ ಎಷ್ಟು ಕೊಡಬೇಕು, ಇಷ್ಟನ್ನೂ ಊರು ಬಿಡುವ ಮೊದಲೇ ಮಾತಾಡಿಕೊಳ್ಳಿ. ನಮಸ್ಕಾರ.