ಸೋತ ಮ್ಯಾಚ್ ಮುಗಿದ ಮೇಲೆ, ಮನೆ ಸೇರೋ ತನಕ

ಭಾನುವಾರ ಬೆಳಗ್ಗೆ ಬೆಂಗಳೂರಿನ ಯಾವುದಾದರೂ ಬ್ಯಾಡ್ಮಿಂಟನ್ ಹಾಲ್‌ಗೆ ಹೋಗಿ, ಕೋರ್ಟ್ ಬಿಟ್ಟು ಗ್ಯಾಲರಿ ಕಡೆ ನೋಡಿ. ಹದಿಮೂರು ವರ್ಷದೊಳಗಿನ ಮಕ್ಕಳ ಮ್ಯಾಚ್ ನಡೀತಿದೆ. ಸರ್ವ್ ನೆಟ್‌ಗೆ ಬಡೀತು ಅನ್ನೋಷ್ಟರಲ್ಲಿ ಅಪ್ಪ ಹಣೆ ಚಚ್ಚಿಕೊಂಡಾಯ್ತು. ಮಗು ಶಟಲ್ ಎತ್ತಿಕೊಳ್ಳೋ ಮುಂಚೆ ಕತ್ತೆತ್ತಿ ಆ ಮುಖ ನೋಡುತ್ತೆ. ಮುಂದಿನ ಪಾಯಿಂಟ್ ಅಲ್ಲೇ ಹೋಯ್ತು.

ನಾನು ಹೇಳಬೇಕು ಅಂತಿರೋದು ಇಷ್ಟೇ. ಮ್ಯಾಚ್ ಮುಗಿಸಿ ಮನೆಗೆ ಬರೋ ದಾರಿಯಲ್ಲಿ ಆಟದ ಮಾತು ಎತ್ತಬೇಡಿ. ಮಗು ತಾನಾಗಿ ಎತ್ತಿದರೆ ಸುಮ್ಮನೆ ಕೇಳಿಸಿಕೊಳ್ಳಿ.

ಲೆಕ್ಕ ಹಾಕಿ. 64 ಮಕ್ಕಳ ನಾಕೌಟ್ ಡ್ರಾ ಅಂದ್ರೆ ಮೊದಲ ಸುತ್ತಿಗೇ 32 ಮಕ್ಕಳು ಹೊರಗೆ. ಟೂರ್ನಮೆಂಟ್ ಮುಗಿಯೋ ಹೊತ್ತಿಗೆ 63 ಮಕ್ಕಳು ಸೋತಿರ್ತಾರೆ. ಸೋತಾಗೆಲ್ಲಾ ಅರ್ಧ ಗಂಟೆ ಪಾಠ ಕಾದಿದೆ ಅಂತ ಗೊತ್ತಿರೋ ಮಗು, ಸ್ಕೋರ್ 18-20 ಆಗಿ ಗೇಮ್ ಸೋಲೋಕೆ ಒಂದೇ ಪಾಯಿಂಟ್ ಬಾಕಿ ಇದ್ದಾಗ ಶಟಲ್ ಬಗ್ಗೆ ಯೋಚಿಸಲ್ಲ, ಸ್ಕೂಟರಿನ ಹಿಂದಿನ ಸೀಟಿನ ಬಗ್ಗೆ ಯೋಚಿಸುತ್ತೆ. ಕೈ ಬಿಗಿಯಾಗುತ್ತೆ. ಲೈನ್ ಪಕ್ಕ ಹೊಡೆಯೋ ಧೈರ್ಯ ಬರಲ್ಲ, ಎಲ್ಲಾ ಷಾಟೂ ಕೋರ್ಟಿನ ನಡುವೆ ಬೀಳುತ್ತೆ. ಹೆದರಿ ಆಡಿ ಸೋಲೋದು ಹೀಗೆ.

ಹಾಗಾದ್ರೆ ಏನು ಮಾತಾಡೋದು? "ನೀರು ಕುಡಿದ್ಯಾ? ಏನು ತಿಂತೀಯಾ?" ಸಾಕು. ಬೆವರಿದ ಟೀ ಶರ್ಟ್ ಬದಲಾಯಿಸಲಿ. ಆಟದ ಮಾತು ಮಾರನೇ ದಿನ ಸಂಜೆ, ಹತ್ತೇ ನಿಮಿಷ. ಯಾವ ಹೊಡೆತ ನೀನಂದುಕೊಂಡ ಹಾಗೆ ಬಂತು? ಎಲ್ಲಿ ಅವಸರ ಮಾಡ್ದೆ? ಈ ವಾರ ಯಾವ ಒಂದನ್ನು ತಿದ್ದಿಕೊಳ್ತೀಯಾ? ಬ್ಯಾಕ್‌ಹ್ಯಾಂಡ್ ಹಿಡಿತ, ಫುಟ್‌ವರ್ಕ್ ಇವೆಲ್ಲ ಕೋಚ್ ಕೆಲಸ. ಅಂಗಳದಲ್ಲೊಬ್ಬ ಕೋಚ್, ಮನೆಯಲ್ಲೊಬ್ಬ ಕೋಚ್ ಆದ್ರೆ ಮಗು ಯಾರ ಮಾತು ಕೇಳಬೇಕು?

ನೀವು ಮನೆಯಲ್ಲಿ ಕಲಿಸಬಹುದಾದದ್ದು ಒಂದಿದೆ. ಗೇಮಲ್ಲಿ ಒಬ್ಬರು 11 ಪಾಯಿಂಟ್ ಮುಟ್ಟಿದಾಗ ಸಿಗೋ ಬಿಡುವು 60 ಸೆಕೆಂಡ್, ಎರಡು ಗೇಮ್ ನಡುವೆ 120. ಪಾಯಿಂಟ್‌ಗೂ ಪಾಯಿಂಟ್‌ಗೂ ನಡುವೆ ಸಿಗೋದು ಕೆಲವೇ ಕ್ಷಣ, ಅಷ್ಟರಲ್ಲಿ ಮನಸ್ಸು ತಿರುಗಬೇಕು. ನೆಟ್‌ಗೆ ಬೆನ್ನು ಹಾಕಿ, ಬೆರಳಲ್ಲಿ ರಾಕೆಟ್ಟಿನ ಗಟ್ (ತಂತಿ) ಸರಿಮಾಡ್ತಾ, ನಾಲ್ಕು ಎಣಿಸೋವರೆಗೆ ಉಸಿರು ಒಳಗೆ, ಆರು ಎಣಿಸೋವರೆಗೆ ಹೊರಗೆ. ಒಂದೇ ಉಸಿರು. ಆಮೇಲೆ ಮನಸ್ಸಲ್ಲೇ "ಮುಂದಿನದು". ಉಸಿರು ಬಿಡೋದು ಎಳೆದುಕೊಳ್ಳೋದಕ್ಕಿಂತ ಉದ್ದ ಇರಬೇಕು, ಎದೆಬಡಿತ ಇಳಿಸೋದು ಅದೇ. ಮ್ಯಾಚ್ ದಿನ ಮೊದಲ ಸಲ ಹೇಳಿಕೊಟ್ಟರೆ ಹತ್ತಲ್ಲ. ಎರಡು ಮೂರು ವಾರ, ಪ್ರಾಕ್ಟೀಸಲ್ಲಿ ಸೋತ ಪ್ರತಿ ಪಾಯಿಂಟ್ ಆದಮೇಲೂ ಮಾಡಿ ಅಭ್ಯಾಸ ಆಗಬೇಕು.

ಇನ್ನು ನಿದ್ದೆ. ಹನ್ನೆರಡು ವರ್ಷದ ಮಗುವಿಗೆ ಕಡಿಮೆ ಅಂದ್ರೂ 9 ಗಂಟೆ ಬೇಕು. ಬೆಳಗ್ಗೆ ನಾಲ್ಕೂವರೆಗೆ ಎಬ್ಬಿಸ್ತೀರಿ ಅಂದ್ರೆ ರಾತ್ರಿ ಏಳೂವರೆಗೆ ಮಲಗಿರಬೇಕು. ಯಾರ ಮನೇಲಿ ಆಗುತ್ತೆ? ಅಮೆರಿಕದ ಮಕ್ಕಳ ವೈದ್ಯರ ಸಂಘದ ಸಲಹೆ ಪ್ರಕಾರ ವಾರದ ತರಬೇತಿ ಗಂಟೆಗಳು ಮಗುವಿನ ವಯಸ್ಸು ದಾಟಬಾರದು, ಹನ್ನೆರಡು ವರ್ಷಕ್ಕೆ ಹನ್ನೆರಡು ಗಂಟೆ. ವಾರಕ್ಕೆ ಒಂದು ದಿನವಾದ್ರೂ ರಜೆ ಇರಬೇಕು. ಬೆಳಗ್ಗೆ ಎರಡು, ಸಂಜೆ ಎರಡು, ವಾರಕ್ಕೆ ಆರು ದಿನ ಅಂದ್ರೆ 24 ಗಂಟೆ ಆಯ್ತು. ಆ ಮಗು ಸಣ್ಣದಕ್ಕೆಲ್ಲಾ ಅತ್ತರೆ "ಮೆಂಟಲಿ ವೀಕ್" ಅಂತೀವಿ. ದಯವಿಟ್ಟು ಹಾಗೆ ಅನ್ನಬೇಡಿ, ಅದಕ್ಕೆ ನಿದ್ದೆಯಿಲ್ಲ.

ಪದಕ ಬಂದ್ರೆ ಎಲ್ಲಾ ಸರಿಹೋಗುತ್ತೆ ಅನ್ನೋ ಲೆಕ್ಕವನ್ನೂ ಬಿಡಿ. 2008ರ ಬೀಜಿಂಗ್ ಒಲಿಂಪಿಕ್ಸ್ ಶೂಟಿಂಗ್ ಚಿನ್ನದ ನಂತರ ತಮ್ಮನ್ನು ಕಾಡಿದ ಖಿನ್ನತೆ ಬಗ್ಗೆ ಅಭಿನವ್ ಬಿಂದ್ರಾ ಅವರೇ ಬಾಯಿಬಿಟ್ಟು ಹೇಳಿದ್ದಾರೆ. ಮ್ಯಾಚ್ ದಿನ ಬೆಳಗ್ಗೆ ಪ್ರತಿ ಸಲ ಹೊಟ್ಟೆನೋವು, ಎರಡು ವಾರ ಊಟ ನಿದ್ದೆ ಕೆಟ್ಟಿರೋದು, ಗೆಳೆಯರ ಜೊತೆ ಸೇರದೇ ಇರೋದು ಕಂಡರೆ ವೈದ್ಯರಿಗೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416, ಉಚಿತ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ಸಾಯೋ ಮಾತು ಬಾಯಿಗೆ ಬಂದ್ರೆ ಒಂದು ದಿನವೂ ಕಾಯಬೇಡಿ, ಮಗುವನ್ನು ಒಂಟಿಯಾಗಿ ಬಿಡಬೇಡಿ.

ಮುಂದಿನ ಮ್ಯಾಚ್‌ಗೆ ಹೋದಾಗ ಗ್ಯಾಲರಿಯ ಹಿಂದಿನ ಸಾಲಲ್ಲಿ ಕೂತ್ಕೊಳ್ಳಿ. ಒಂದು ಗೇಮ್ ಪೂರ್ತಿ ಫೋನ್ ಕ್ಯಾಮೆರಾನ ನಿಮ್ಮ ಮುಖದ ಕಡೆ ತಿರುಗಿಸಿ ರೆಕಾರ್ಡ್ ಮಾಡಿ. ರಾತ್ರಿ ಮಗು ಮಲಗಿದ ಮೇಲೆ ನೋಡಿ.