ಮೊರೆಯುವ ನೀರಿನ ಜಿಂದೋ

ಕೇಳುಗರಿಗೆ ನಮಸ್ಕಾರ. ದಕ್ಷಿಣ ಕೊರಿಯಾದ ನೈಋತ್ಯ ಮೂಲೆಯಲ್ಲಿ ಜಿಂದೋ ಎಂಬ ಕಡಲ ಜಿಲ್ಲೆಯಿದೆ. ಕೊರಿಯನ್ ಭಾಷೆಯಲ್ಲಿ ‘ದೋ’ ಎಂದರೆ ದ್ವೀಪ. ಹೊರಗಿನವರಿಗೆ ಈ ಹೆಸರು ಗೊತ್ತಿರುವುದು ಇಲ್ಲಿನ ನಾಯಿಯ ತಳಿಯಿಂದ. ನಾಯಿಯ ಮಾತು ತೆಗೆದರೆ ನನಗೆ ಕೊಟ್ಟ ಸಮಯವೆಲ್ಲ ಅದಕ್ಕೇ ಹೋದೀತು. ನಾನು ಹೇಳಹೊರಟಿರುವುದು ನೀರಿನ ವಿಷಯ.

ಜಿಂದೋಗೂ ಎದುರಿನ ಹೆನಾಮ್ ನೆಲಕ್ಕೂ ನಡುವೆ ಉಲ್‌ದೋಲ್‌ಮೋಕ್ ಎಂಬ ಜಲಸಂಧಿಯಿದೆ. ತೀರ ಕಿರಿದಾದ ಕಡೆ ಅಗಲ ಸುಮಾರು 300 ಮೀಟರ್. ಉಬ್ಬರವಿಳಿತದ ನೀರು ಈ ಇಕ್ಕಟ್ಟಿನಲ್ಲಿ ನುಗ್ಗುವಾಗ ಸುಳಿಸುಳಿಯಾಗಿ ಮೊರೆಯುತ್ತದೆ. ಹೆಸರಿನಲ್ಲಿರುವ ‘ಉಲ್’ ಎಂದರೆ ಅಳು. ಇದರ ಇನ್ನೊಂದು ಹೆಸರು ಮ್ಯೊಂಗ್‌ನ್ಯಾಂಗ್. ಅದರಲ್ಲೂ ಇರುವುದು ಅಳುವಿನ ಅರ್ಥವೇ.

1270ರಲ್ಲಿ ಮಂಗೋಲರಿಗೆ ಮಣಿಯಲೊಪ್ಪದ ಸಾಂಬ್ಯೋಲ್ಚೋ ಎಂಬ ಕೊರಿಯನ್ ಪಡೆಯ ಸೈನಿಕರು ಈ ನೀರನ್ನೇ ಕಂದಕವೆಂದು ನಂಬಿ ಜಿಂದೋದ ಯೊಂಗ್‌ಜಾಂಗ್ ಕೋಟೆಯಲ್ಲಿ ನೆಲೆನಿಂತರು. ಮರುವರ್ಷವೇ ಕೋಟೆ ಬಿತ್ತು. ಅವರನ್ನು ಕಾಯದ ನೀರು 1597ರಲ್ಲಿ ನೌಕಾಧಿಪತಿ ಯಿ ಸುನ್-ಶಿನ್‌ಗೆ ಒಲಿಯಿತು. ಅವನ ಬಳಿ ಉಳಿದಿದ್ದವು ಹದಿಮೂರೇ ಹಡಗುಗಳು. ಎದುರಿಗೆ ಬಂದ ಜಪಾನೀ ಹಡಗುಗಳು ನೂರಕ್ಕೂ ಹೆಚ್ಚು. ಇಕ್ಕಟ್ಟಿನಲ್ಲಿ ಅಷ್ಟೂ ಹಡಗುಗಳು ಒಮ್ಮೆಗೇ ಮೇಲೆ ಬೀಳುವಂತಿರಲಿಲ್ಲ. ಹರಿವು ದಿಕ್ಕು ಬದಲಿಸಿದಾಗ ಮುನ್ನುಗ್ಗಿದವರೇ ಹಿಂದಕ್ಕೆ ತಳ್ಳಲ್ಪಟ್ಟರು. ಕಬ್ಬಿಣದ ಸರಪಳಿ ಎಳೆದು ಹಡಗು ಮಗುಚಿದರೆಂಬ ಕಥೆಯೂ ಇದೆ. ಕೇಳಲು ಸೊಗಸು, ಆದರೆ ಯಿ ಬರೆದಿಟ್ಟ ದಿನಚರಿಯಲ್ಲಿ ಆ ಸರಪಳಿಯ ಸುಳಿವೇ ಇಲ್ಲ.

ದ್ವೀಪದ ಇನ್ನೊಂದು ಮಗ್ಗುಲಲ್ಲಿ ಇದೇ ಕಡಲು ದಾರಿ ಬಿಡುತ್ತದೆ. ವಸಂತದ ದೊಡ್ಡ ಇಳಿತದಲ್ಲಿ ಹ್ವೆದೊಂಗ್ ಹಳ್ಳಿಯಿಂದ ಮೋದೋ ಎಂಬ ಪುಟ್ಟ ದ್ವೀಪದವರೆಗೆ 2.8 ಕಿಲೋಮೀಟರ್ ಉದ್ದಕ್ಕೆ ತಳದ ದಿಬ್ಬ ಮೇಲೆದ್ದು ತೋರುತ್ತದೆ. ಜನ ನಡೆದುಕೊಂಡೇ ದಾಟುತ್ತಾರೆ. ಸುಮಾರು ಒಂದು ಗಂಟೆಯಲ್ಲಿ ನೀರು ಮತ್ತೆ ಕೂಡಿಕೊಳ್ಳುತ್ತದೆ. ಹುಲಿಗೆ ಹೆದರಿ ಊರಿನವರು ಮೋದೋಗೆ ಓಡಿಹೋದಾಗ ಹಿಂದೆ ಉಳಿದ ಪೊಂಗ್ ಎಂಬ ಅಜ್ಜಿ, ಮನೆಯವರನ್ನು ಕಾಣಿಸೆಂದು ಕಡಲರಾಜನನ್ನು ಬೇಡಿದಳಂತೆ. ದಾರಿ ತೆರೆಯಿತು, ಅವರು ಬಂದರು, ಅಜ್ಜಿ ಅಲ್ಲೇ ಕಣ್ಣು ಮುಚ್ಚಿದಳು.

1984ರಲ್ಲಿ ಉಲ್‌ದೋಲ್‌ಮೋಕ್ ಮೇಲೆ ಸೇತುವೆಯಾಯಿತು. ಆದರೂ ಕಡಲು ಕಡಲೇ. 2014ರ ಏಪ್ರಿಲ್ 16ರಂದು ಸೆವೊಲ್ ಎಂಬ ಹಡಗು ಜಿಂದೋದ ಆಚೆ ಮುಳುಗಿ 304 ಮಂದಿ ಇಲ್ಲವಾದರು. ಹೆಚ್ಚಿನವರು ಶಾಲೆಯ ಮಕ್ಕಳು. ಇದಕ್ಕೆ ನೀರನ್ನು ದೂರುವಂತಿಲ್ಲ. ಹಡಗಿನಲ್ಲಿ ಮಿತಿಮೀರಿ ಸರಕು ತುಂಬಿತ್ತು, ಅದನ್ನು ಸರಿಯಾಗಿ ಬಿಗಿದೂ ಇರಲಿಲ್ಲ. ಆದರೆ ಮುಳುಗುಗಾರರು ಇಳಿಯಬೇಕಾದರೆ ಉಬ್ಬರಕ್ಕೂ ಇಳಿತಕ್ಕೂ ನಡುವೆ ಹರಿವು ತಣ್ಣಗಾಗುವ ಅಲ್ಪ ಹೊತ್ತಿಗೆ ಕಾಯಬೇಕಿತ್ತು. ಪೆಂಗ್‌ಮೋಕ್ ಬಂದರಿನಲ್ಲಿ ತಂದೆತಾಯಂದಿರೂ ಕಡಲಿಗೆ ಮುಖಮಾಡಿ ಅದೇ ಹೊತ್ತಿಗೆ ಕಾಯುತ್ತಿದ್ದರು.